ಕಿಟಕಿ ಫ್ರೇಮಿಗೆ ಬಿಳಿ ಆರ್ಡರ್ ಕೊಡೋಕ್ ಮುಂಚೆ ಒಂದು ಭಾನುವಾರ ತಡೀರಿ: ನಮ್ಮ ಚರ್ಚ್ ಕಮಿಟಿಗೆ ಬಹಿರಂಗ ಪತ್ರ

ಸಭಾಪಾಲಕರಾದ ಅಯ್ಯನವರಿಗೆ, ಕಮಿಟಿ ಹಿರಿಯರಿಗೆ, ಸಭೆಯ ಎಲ್ಲಾ ಅಣ್ಣ ಅಕ್ಕಂದಿರಿಗೆ,

ಕರ್ತನ ನಾಮದಲ್ಲಿ ವಂದನೆಗಳು.

ಹೋದ ಭಾನುವಾರ ಆರಾಧನೆ ಮುಗಿದ್ಮೇಲೆ ಮೀಟಿಂಗ್ ಆಯ್ತಲ್ರಿ, ಆವಾಗ ರಿಪೇರಿ ಲಿಸ್ಟಲ್ಲಿ ನಮ್ಮ ಬಣ್ಣದ ಗಾಜಿನ ಕಿಟಕಿಗಳಿಗೆ ಹೊಸ ಅಲ್ಯೂಮಿನಿಯಂ ಫ್ರೇಮ್ ಹಾಕ್ಸೋ ವಿಷಯ ಬಂತು, ಫ್ರೇಮ್ ಬಣ್ಣದ ಕ್ಯಾಟಲಾಗ್ ಒಂದು ರೌಂಡ್ ಎಲ್ಲರ ಕೈಗೂ ಹೋಯ್ತು, ಯಾರೋ ಬಿಳಿ ನೀಟಾಗಿರ್ತೈತೆ ಅಂದ್ರು, ಇನ್ನೊಬ್ರು ಗೋಲ್ಡ್ ಹಾಕ್ಸಿದ್ರೆ ದೇವಾಲಯಕ್ಕೆ ಕಳೆ ಬರ್ತೈತೆ ಅಂದ್ರು, ಕೊನೆಗೆ ಎಲ್ಲಾದಕ್ಕೂ ಗ್ಲಾಸಿ ವೈಟ್ ಅಂತ ಬರ್ಕೊಂಡು ಸೌಂಡ್ ಸಿಸ್ಟಮ್ ವಿಷಯಕ್ಕೆ ಹೋಗಿಬಿಟ್ರಿ. ಐದು ನಿಮಿಷನೂ ಹಿಡೀಲಿಲ್ಲ. ನಾನು ಕೈ ಎತ್ತಿದ್ದೆ, ಆದ್ರೆ ಊಟದ ಹೊತ್ತಾಗಿತ್ತು, ಮಕ್ಕಳು ಅಳ್ತಿದ್ವು, ಅದಕ್ಕೆ ಯಾರ ಮೇಲೂ ನಂಗೆ ಬೇಜಾರಿಲ್ಲ. ಆದ್ರೆ ಅವತ್ತು ಬರ್ಕೊಂಡ ಆ ಒಂದು ಸಾಲು ನಮ್ಮ ಮೊಮ್ಮಕ್ಕಳ ಕಾಲದವರೆಗೂ ಗೋಡೆ ಮೇಲೆ ಇರ್ತೈತೆ, ಅದಕ್ಕೇ ಎಲ್ಲರ ಕಣ್ಣಿಗೂ ಬೀಳೋ ಹಂಗೆ ಬರೀತಿದ್ದೀನಿ. ಕೊಪ್ಪಳ ರಾಯಚೂರು ಕಡೆ ಹಳೇ ಚರ್ಚ್ ರಿಪೇರಿ ಮಾಡಿಸೋರು ಯಾರಾದ್ರೂ ಓದಿದ್ರೆ ಅವರಿಗೂ ಉಪಯೋಗ ಆಗ್ಲಿ.

ನಿಮಗೆಲ್ಲ ಗೊತ್ತಿರೋ ಹಂಗೆ ನಂದು ಇದೇ ಬಳ್ಳಾರಿಯಲ್ಲಿ ಅಲ್ಯೂಮಿನಿಯಂ ಕಿಟಕಿ ಕೆಲಸ, ಇಪ್ಪತ್ತೆರಡು ವರ್ಷ ಆಯ್ತು. ಮೊದಲೇ ಹೇಳಿಬಿಡ್ತೀನಿ, ಈ ಕೆಲಸಕ್ಕೆ ನಾನು ಕೊಟೇಶನ್ ಹಾಕಲ್ಲ, ನನ್ನ ಶಾಪಿಂದ ಒಂದು ಸ್ಕ್ರೂನೂ ಬರಲ್ಲ. ಅಲ್ಯೂಮಿನಿಯಂ ಮಾರಿ ಹೊಟ್ಟೆ ಹೊರ್ಕೊಳ್ಳೋ ನಾನೇ ಬಲಿಪೀಠದ ಹಿಂದಿನ ಮೂರು ಕಿಟಕಿಗೆ ಅಲ್ಯೂಮಿನಿಯಂ ಬೇಡ ಅಂತ ಹೇಳ್ತಿದ್ದೀನಿ ಅಂದ್ರೆ ಏನೋ ಕಾರಣ ಇರ್ತೈತೆ ಅಂತ ಸ್ವಲ್ಪ ಕೇಳ್ರಿ.

ಬಣ್ಣದ ಗಾಜು ಬೇರೆ ಗಾಜಿನ ಹಂಗಲ್ಲ. ಮನೆ ಕಿಟಕಿ ಗಾಜಿಂದ ನಾವು ಆಚೆ ನೋಡ್ತೀವಿ. ಇಲ್ಲಿ ಗಾಜನ್ನೇ ನೋಡ್ತೀವಿ, ಬೆಳಕು ಅದರ ಹಿಂದಿಂದ ಬರ್ತೈತೆ. ಹಿಂದಿಂದ ಬರೋ ಬೆಳಕನ್ನ ನೋಡೋವಾಗ ಕಣ್ಣು ಪಕ್ಕದಲ್ಲಿ ಏನೈತೋ ಅದಕ್ಕೆ ತಕ್ಕಂಗೆ ಹೊಂದ್ಕೊಳ್ತೈತೆ, ಪಕ್ಕದಲ್ಲಿ ಹೊಳೆಯೋ ಬಿಳಿ ಪಟ್ಟಿ ಇದ್ರೆ ಕೆಂಪು ನೀಲಿ ಎರಡೂ ಸಪ್ಪೆ ಆಗ್ತಾವೆ, ಕಪ್ಪು ಕಂದು ಇದ್ರೆ ಅದೇ ಗಾಜು ಉರಿಯೋಕೆ ಶುರು ಮಾಡ್ತೈತೆ. ಗಾಜಿನ ತುಂಡುಗಳ ಮಧ್ಯೆ ಸೀಸದ ಕಪ್ಪು ಗೆರೆ ಇರ್ತೈತಲ್ಲ, ಅದು ತುಂಡುಗಳನ್ನ ಹಿಡ್ಕೊಂಡಿರ್ತೈತೆ, ಜೊತೆಗೆ ಒಂದು ಬಣ್ಣ ಪಕ್ಕದ ಬಣ್ಣದ ಮೇಲೆ ಚೆಲ್ಲದ ಹಂಗೆ ತಡೀತೈತೆ. ಸುತ್ತ ಇರೋ ಫ್ರೇಮೂ ಆ ಗೆರೆಯ ಅಣ್ಣನ ಹಂಗೆ ಇರ್ಬೇಕು, ಅದೇ ಜಾತಿ, ಸ್ವಲ್ಪ ದಪ್ಪ, ಅಷ್ಟೇ.

ಇದನ್ನ ನಾನು ಬಾಯಿಮಾತಲ್ಲಿ ಹೇಳ್ತಿಲ್ಲ. ವೆಸ್ಟ್ರಿ (ಅಯ್ಯನವರು ಆರಾಧನೆಗೆ ತಯಾರಾಗೋ ಕೋಣೆ) ಬೀರುವಿನಲ್ಲಿ ಹಳೇ ಕಿಟಕಿಯಿಂದ ಉದುರಿದ ಗಾಜಿನ ಚೂರುಗಳ ಡಬ್ಬ ಐತೆ, ಅದರಲ್ಲಿ ಅಂಗೈಯಷ್ಟು ಅಗಲದ ಒಂದು ಕೆಂಪು ಗಾಜು ಇತ್ತು. ಮೀಟಿಂಗ್ ಆದ ಮಾರನೇ ದಿನ ಬೆಳಿಗ್ಗೆ ಏಳೂವರೆಗೆ, ಬಿಸಿಲು ಬಲಿಪೀಠದ ಕಿಟಕಿಗೆ ನೆಟ್ಟಗೆ ಬೀಳೋ ಹೊತ್ತಿಗೆ, ಆ ಗಾಜಿಗೆ ಒಂದು ಕಡೆ ಗ್ಲಾಸಿ ವೈಟ್ ಸೆಕ್ಷನ್ (ಫ್ರೇಮ್ ಮಾಡೋ ಅಲ್ಯೂಮಿನಿಯಂ ಪಟ್ಟಿ) ತುಂಡು, ಇನ್ನೊಂದು ಕಡೆ ಮ್ಯಾಟ್ ಡಾರ್ಕ್ ಬ್ರಾಂಜ್ (ಹೊಳಪಿಲ್ಲದ ಗಾಢ ಕಂಚಿನ ಬಣ್ಣ) ತುಂಡು ಟೇಪಲ್ಲಿ ಅಂಟಿಸಿ ಬೆಳಕಿಗೆ ಹಿಡಿದೆ. ಹೂ ಜೋಡಿಸೋಕೆ ಬಂದಿದ್ದ ನಮ್ಮ ಸಂಡೇ ಸ್ಕೂಲ್ ಟೀಚರಮ್ಮ ಅಲ್ಲೇ ಇದ್ರು, ಅವರಿಗೆ ಏನೂ ಹೇಳದೆ ನೋಡ್ರಮ್ಮಾ ಅಂದೆ. ಅವರು ಕನ್ನಡಕ ಮೇಲೆ ಮಾಡ್ಕೊಂಡು ನೋಡಿ, ಬ್ರಾಂಜ್ ಕಡೆ ಬೆರಳಿಟ್ಟು "ಇಲ್ಲಿ ದಾಳಿಂಬೆ ಕಾಳು ಇದ್ದಂಗೈತೆ" ಅಂದ್ರು, ಬೆರಳನ್ನ ಬಿಳಿ ಕಡೆಗೆ ಸರಿಸಿ "ಇಲ್ಲಿ ರಸ್ನಾ" ಅಂದ್ರು. ಒಂದೇ ಗಾಜು ಕಣ್ರೀ, ನಡುವೆ ಮೂರಿಂಚೂ ಅಂತರ ಇಲ್ಲ.

ಈಗ ಬಲಿಪೀಠದ ಮೂರು ಕಿಟಕಿ ಮಾತು. ಅದರ ಚೌಕಟ್ಟು ಈಗ ಬಿಳೀನೇ ಐತೆ, ಅದಕ್ಕೇ ನಾವು ಬಿಳಿ ಅಂದ್ರೆ ಹಳೇ ಪದ್ಧತಿ ಅನ್ಕೊಂಡಿದ್ದೀವಿ. ನಾನು ಎಡಗಡೆ ಕಿಟಕಿಯ ಕೆಳಮೂಲೆಯಲ್ಲಿ, ಕಣ್ಣಿಗೆ ಬೀಳದ ಜಾಗದಲ್ಲಿ, ಅಯ್ಯನವರ ಪರ್ಮಿಶನ್ ತಗೊಂಡೇ, ಒಂದು ರೂಪಾಯಿ ನಾಣ್ಯದಷ್ಟು ಜಾಗ ನೀರು ಹಚ್ಚಿ ಬ್ಲೇಡಲ್ಲಿ ಕೆರೆದು ನೋಡ್ದೆ. ಮೇಲೆ ಬಿಳಿ ಎನಾಮಲ್, ಅದರ ಕೆಳಗೆ ಇನ್ನೊಂದು ಬಿಳಿ, ಅದರ ಕೆಳಗೆ ಆಸ್ಪತ್ರೆ ಹಸಿರು, ಆಮೇಲೆ ತೆಳು ನೀಲಿ, ಎಲ್ಲಾದಕ್ಕಿಂತ ಕೆಳಗೆ ಕಾಫಿ ಬಣ್ಣದ ಎಣ್ಣೆ ಪಾಲಿಶ್, ಅದರ ಕೆಳಗೆ ತೇಗ. ಬ್ಲೇಡ್ ತಾಗಿದ ಕೂಡಲೇ ತೇಗದ ವಾಸನೆ ಬಂತ್ರಿ, ಇಷ್ಟು ವರ್ಷ ಆದ್ಮೇಲೂ. ಅಂದ್ರೆ ಮೊದಲು ಈ ಕಿಟಕಿ ಕೂರಿಸಿದವರು ಗಾಢ ಕಂದು ಬಣ್ಣನೇ ಹಾಕಿದ್ರು, ಬಿಳಿ ಆಮೇಲೆ ಬಂದಿದ್ದು, ಬಹುಶಃ ಪೇಂಟ್ ಡಬ್ಬದಲ್ಲಿ ಮಿಕ್ಕಿದ್ದನ್ನ ಹಚ್ಚಿದ್ದು.

ಆ ಮರಕ್ಕೆ ಹುಳ ಹತ್ತಿಲ್ಲ. ಕೆಳಗಿನ ಅಡ್ಡಪಟ್ಟಿ ಎರಡು ಕಡೆ ಮಳೆ ನೀರು ನಿಂತು ಮೆತ್ತಗಾಗೈತೆ ಅಷ್ಟೇ, ಅಷ್ಟನ್ನ ಕತ್ತರಿಸಿ ಹಳೇ ತೇಗದ್ದೇ ತುಂಡು ಕೂಡಿಸೋಕೆ ನಮ್ಮೂರಲ್ಲಿ ಬಡಗಿಗಳಿದ್ದಾರೆ. ಇದನ್ನ ಕಿತ್ತು ಗುಜರಿಗೆ ಹಾಕಿ ಅಲ್ಯೂಮಿನಿಯಂ ಕೂರಿಸೋದು ನನ್ನ ಮನಸ್ಸಿಗೆ ಒಪ್ಪಲ್ಲ. 1810ರಲ್ಲಿ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಬಂದು ಇಲ್ಲಿ ಕನ್ನಡ ಬೈಬಲ್ ಕೆಲಸ ಹಿಡಿದ್ರು ಅಂತ ನಾವು ಪ್ರತಿ ವಾರ್ಷಿಕೋತ್ಸವದಲ್ಲೂ ಹೆಮ್ಮೆಯಿಂದ ಹೇಳ್ತೀವಿ, ಹಂಗೆ ಹೇಳೋ ಊರಲ್ಲಿ ಹಿರಿಯರು ಬಿಟ್ಟು ಹೋದ ಮರನ ಕಿಲೋ ಲೆಕ್ಕದಲ್ಲಿ ಮಾರಬಾರ್ದು.

ಪೇಂಟ್ ಕೆರೆಸೋವಾಗ ಒಂದು ಎಚ್ಚರಿಕೆ ಬೇಕೇ ಬೇಕು. ಹಳೇ ಎನಾಮಲ್ಲಲ್ಲಿ ಸೀಸ ಇರೋ ಚಾನ್ಸ್ ಜಾಸ್ತಿ, ಮನೆ ಪೇಂಟಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 90 ಭಾಗ) ಮೀರಬಾರ್ದು ಅಂತ ನಮ್ಮ ದೇಶದಲ್ಲಿ ಕಾನೂನು ಜಾರಿಗೆ ಬಂದಿದ್ದೇ 2017ರ ನವೆಂಬರಲ್ಲಿ, ಅದಕ್ಕಿಂತ ಮುಂಚಿನ ಪೇಂಟ್ ಅಂದ್ರೆ ಸಂಶಯದಿಂದಲೇ ನೋಡ್ಬೇಕು. ಗ್ರೈಂಡರ್ ಹಾಕಿ ಒಣ ಧೂಳು ಎಬ್ಬಿಸಬಾರ್ದು, ನೀರು ಹಚ್ಚಿ ಕೆರೀಬೇಕು, ಕೆಳಗೆ ಟಾರ್ಪಾಲ್ ಹಾಸಿ ಚೂರೆಲ್ಲ ಚೀಲಕ್ಕೆ ತುಂಬ್ಬೇಕು, ಅಷ್ಟು ದಿನ ಸಂಡೇ ಸ್ಕೂಲ್ ಮಕ್ಕಳನ್ನ ಹೊರಗೆ ಬೇವಿನ ಮರದ ಕೆಳಗೆ ಕೂರಿಸ್ರಿ. ಆಮೇಲೆ ಕಂದು ಸ್ಟೇನ್ ಹಾಕಿ ಅಗಸೆ ಎಣ್ಣೆ ಎರಡು ಮೂರು ಕೈ ಹಚ್ಚಿದ್ರೆ ಸಾಕು, ಹೊಳೆಯೋ ವಾರ್ನಿಶ್ ಬೇಡ. (ಎಣ್ಣೆ ಒರೆಸಿದ ಬಟ್ಟೆನ ಉಂಡೆ ಮಾಡಿ ಮೂಲೆಗೆ ಬಿಸಾಕೋಕೆ ಬಿಡ್ಬೇಡ್ರಿ, ಅಗಸೆ ಎಣ್ಣೆ ಬಟ್ಟೆ ತಾನಾಗೇ ಬಿಸಿಯಾಗಿ ಹೊತ್ಕೊಳ್ತೈತೆ, ತಂತಿ ಮೇಲೆ ಹರವಿ ಒಣಗಿಸ್ಬೇಕು.)

ಇನ್ನು ಪಕ್ಕದ ಗೋಡೆಗಳ ಎಂಟು ಕಿಟಕಿ, ಮತ್ತೆ ಬಾಗಿಲ ಮೇಲಿನ ಗುಂಡು ಕಿಟಕಿ. ಅಲ್ಲಿ ಹಳೇ ಮರ ಯಾವತ್ತೋ ಹೋಗಿ ಕಬ್ಬಿಣದ ಫ್ರೇಮ್ ಬಂದಿತ್ತು, ಅದು ತುಕ್ಕು ಹಿಡಿದು ಉಬ್ಬಿ ಗೋಡೇನೇ ಸೀಳ್ತೈತೆ. ಅಲ್ಲಿಗೆ ಹೊಸ ಬಣ್ಣದ ಗಾಜು ಬರ್ತೈತೆ, ಅಲ್ಯೂಮಿನಿಯಂ ಹಾಕೋದು ಸರೀನೇ. ಪ್ರಶ್ನೆ ಇರೋದು ಫಿನಿಶ್‌ದು, ಇದರಲ್ಲಿ ಒಂದೊಂದಾಗಿ ಹೇಳ್ತೀನಿ, ಯಾಕಂದ್ರೆ ಕ್ಯಾಟಲಾಗಲ್ಲಿ ಎಲ್ಲಾನೂ ಚೆಂದ ಕಾಣ್ತೈತೆ.

ಬಿಳಿಗೆ ಬೆಳಕಿನ ತೊಂದರೆ ಆಗ್ಲೇ ಹೇಳ್ದೆ. ಎರಡನೇದು ನಮ್ಮೂರ ಧೂಳು. ಅದಿರಿನ ಕೆಂಪು ಧೂಳು ಬಿಳಿ ಬಟ್ಟೆ, ಬಿಳಿ ಕಾರು, ಬಿಳಿ ಗೋಡೆ ಯಾವುದನ್ನೂ ಬಿಟ್ಟಿಲ್ಲ, ಮೊದಲ ಮಳೆ ನಾಲ್ಕು ಹನಿ ಬಿದ್ರೆ ಬಿಳಿ ಫ್ರೇಮಿನ ಪ್ರತಿ ಮೂಲೆಯಿಂದ ಕೆಂಪು ನೀರು ಗೆರೆ ಗೆರೆಯಾಗಿ ಇಳೀತೈತೆ, ಹದಿನೆಂಟು ಅಡಿ ಎತ್ತರಕ್ಕೆ ಏಣಿ ಹಾಕಿ ತಿಂಗಳಿಗೊಂದ್ಸಲ ಒರೆಸೋರು ಯಾರು ಹೇಳ್ರಿ. ಗೋಲ್ಡ್ ಆನೊಡೈಸಿಂಗ್ (ಕರೆಂಟ್ ಹಾಯಿಸಿ ಅಲ್ಯೂಮಿನಿಯಂ ಮೈಮೇಲೇ ಬೆಳೆಸೋ ಬಣ್ಣದ ಪದರ) ಹಾಕಿದ್ರೆ ಸಂಜೆ ಆರಾಧನೆಲಿ ಟ್ಯೂಬ್‌ಲೈಟ್ ಎಲ್ಲಾ ಅದರಲ್ಲೇ ಮಿಂಚ್ತಾವೆ, ಕಣ್ಣು ಕ್ರಿಸ್ತನ ಮುಖದ ಕಡೆ ಹೋಗೋ ಬದಲು ಫ್ರೇಮಿನ ಅಂಚಿಗೆ ಹೋಗ್ತೈತೆ, ಅದೂ ಅಲ್ದೆ ನಾವು ಪ್ರತಿ ಕ್ರಿಸ್‌ಮಸ್‌ಗೆ ಮುಂಚೆ ಗೋಡೆಗೆ ಸುಣ್ಣ ಬಳಿಸ್ತೀವಿ, ಸುಣ್ಣ ಸಿಮೆಂಟ್ ಹನಿ ಆನೊಡೈಸಿಂಗ್ ಮೇಲೆ ಬಿದ್ದು ಒಣಗಿದ್ರೆ ಕಲೆ ಕಚ್ಕೊಂಡುಬಿಡ್ತೈತೆ, ಏನು ಉಜ್ಜಿದ್ರೂ ಹೋಗಲ್ಲ. ವುಡ್ ಫಿನಿಶ್ ಅಂತ ಬರ್ತೈತಲ್ಲ, ಅದು ಪೌಡರ್ ಕೋಟಿಂಗ್ (ಪುಡಿ ಬಣ್ಣ ಹೊಡೆದು ಓವನ್ನಲ್ಲಿ ಬೇಯಿಸಿದ ಪದರ) ಮೇಲೆ ಮರದ ಗೆರೆ ಇರೋ ಫಿಲ್ಮ್ ಸುತ್ತಿ ಬಿಸಿ ಮಾಡಿ ಇಳಿಸಿದ ಡಿಸೈನ್, ಮನೆ ಒಳಗಡೆ ಬಾಗಿಲಿಗೆ ನಾನೇ ಹಾಕ್ತೀನಿ, ಆದ್ರೆ ಬಳ್ಳಾರಿ ಬಿಸಿಲಿಗೆ ಸಾಧಾರಣ ಕ್ವಾಲಿಟಿದು ಮಂಕಾಗ್ತೈತೆ. ನಿಜವಾದ ತೇಗದ ಮೂರು ಕಿಟಕಿ ಎದುರಿಗಿಟ್ಕೊಂಡು ಪಕ್ಕದಲ್ಲಿ ಫಿಲ್ಮಿನ ಮರ ಯಾಕೆ ಬೇಕು ನಮಗೆ.

ನಾನು ಕೇಳ್ಕೊಳ್ಳೋದು ಮ್ಯಾಟ್ ಡಾರ್ಕ್ ಬ್ರಾಂಜ್ ಪೌಡರ್ ಕೋಟಿಂಗ್. ತೀರಾ ಜೆಟ್ ಬ್ಲಾಕ್ ಬೇಡ, ಟೆಕ್ಸ್ಚರ್ ಕೊರಕೊರ ಇರೋದೂ ಬೇಡ, ಆ ಕೊರಕಲಲ್ಲಿ ಧೂಳು ಕೂತ್ರೆ ಏಳೋದೇ ಇಲ್ಲ, ನುಣ್ಣನೆ ಮ್ಯಾಟ್ ಆಗಿರ್ಬೇಕು. ಬ್ರಾಂಜ್ ತೇಗದ ಕಂದಿಗೂ ಹೊಂದ್ತೈತೆ, ಸೀಸದ ಗೆರೆಗೂ ಹೊಂದ್ತೈತೆ, ಕೆಂಪು ಧೂಳು ಕೂತ್ರೂ ಅಸಹ್ಯ ಕಾಣಲ್ಲ. ಆರ್ಡರಲ್ಲಿ ಬರೀ ಬಣ್ಣದ ಹೆಸರು ಬರೆದ್ರೆ ಸಾಲದು, ಹೊರಗಡೆ ಬಿಸಿಲಿಗೆ ತಡೆಯೋ ಪಾಲಿಯೆಸ್ಟರ್ ಪೌಡರ್ ಅಂತ ಬರೀರಿ, ಎಪಾಕ್ಸಿ ಪೌಡರ್ ಆದ್ರೆ ಬಿಸಿಲಿಗೆ ಸುಣ್ಣದ ಪುಡಿ ಹಂಗೆ ಕೈಗೆ ಹತ್ತೋಕೆ ಶುರುವಾಗ್ತೈತೆ. ಕೋಟಿಂಗ್ 60ರಿಂದ 80 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಭಾಗ ಅಂದ್ರೆ ಒಂದು ಮೈಕ್ರಾನ್) ದಪ್ಪ ಇರ್ಬೇಕು, ಪೌಡರ್ ಹೊಡೆಯೋಕ್ ಮುಂಚೆ ಸೆವೆನ್ ಟ್ಯಾಂಕ್ ಪ್ರೋಸೆಸಲ್ಲಿ, ಅಂದ್ರೆ ಏಳು ತೊಟ್ಟಿಲಿ ಒಂದಾದ್ಮೇಲೊಂದು ಅದ್ದಿ, ತೊಳೆದಿರ್ಬೇಕು, ಓವನ್ನಲ್ಲಿ ಸುಮಾರು 200 ಡಿಗ್ರಿಗೆ ಹತ್ತು ನಿಮಿಷ ಬೆಂದಿರ್ಬೇಕು. ತೊಳೆಯದೆ ಹೊಡೆದ ಪೌಡರ್ ನೋಡೋಕೆ ಹೊಸದ್ರಲ್ಲಿ ಒಂದೇ ತರ ಕಾಣ್ತೈತೆ, ಆಮೇಲೆ ಕಟ್ ಮಾಡಿದ ಅಂಚಿಂದ ಸಿಪ್ಪೆ ಏಳ್ತೈತೆ. ಮೈಕ್ರಾನ್ ಮೀಟರ್ ನನ್ನ ಹತ್ರ ಐತೆ, ಮಾಲು ಬಂದ ದಿನ ನಾನೇ ಬಂದು ಅಳೆದು ಕೊಡ್ತೀನಿ.

ಗುಂಡು ಕಿಟಕಿಗೆ ಬೇರೆ ರೂಲ್. ಅಲ್ಲಿ ಸೆಕ್ಷನ್ ಬಗ್ಗಿಸ್ಬೇಕಾಗ್ತೈತೆ, ಕಲರ್ ಹಾಕಿದ ಸೆಕ್ಷನ್ ತಂದು ಬಗ್ಗಿಸಿದ್ರೆ ಹೊರಮೈಯಲ್ಲಿ ಕೂದಲೆಳೆಯಂಥ ಬಿರುಕು ಬಿಡ್ತೈತೆ, ನೆಲದ ಮೇಲೆ ನಿಂತವರಿಗೆ ಕಾಣಲ್ಲ ಆದ್ರೆ ನೀರಿಗೆ ಕಾಣ್ತೈತೆ. ಮೊದಲು ಬಗ್ಗಿಸಿ, ಜಾಯಿಂಟ್ ಮುಗಿಸಿ, ಆಮೇಲೆ ಕೋಟಿಂಗ್‌ಗೆ ಕಳಿಸ್ಬೇಕು.

ಕಮಿಟಿಯಲ್ಲಿ ಒಬ್ಬ ಹಿರಿಯರು ಕೇಳಿದ್ರು, ಕಪ್ಪು ಕಂದು ಬಣ್ಣ ಬಿಸಿಲು ಹೀರ್ಕೊಳ್ಳಲ್ವೇನಪ್ಪಾ ಅಂತ. ಹೌದು ಹೀರ್ಕೊಳ್ತೈತೆ, ಅವರ ಮಾತು ಸತ್ಯ. ಏಪ್ರಿಲ್ ಮಧ್ಯಾಹ್ನ ಪಶ್ಚಿಮಕ್ಕಿರೋ ಆ ಗುಂಡು ಕಿಟಕಿಯ ಫ್ರೇಮ್ ಮೇಲೆ ಕೈ ಇಡೋಕಾಗಲ್ಲ. ಆರಡಿ ಅಲ್ಯೂಮಿನಿಯಂ ಸೆಕ್ಷನ್ 50 ಡಿಗ್ರಿ ಬಿಸಿ ಏರಿದ್ರೆ ಹತ್ರ ಹತ್ರ 2 ಮಿಲಿಮೀಟರ್ ಉದ್ದ ಆಗ್ತೈತೆ, ಗಾಜು ಅದರ ಅರ್ಧಕ್ಕಿಂತ ಕಡಿಮೆ ಹಿಗ್ತೈತೆ, ಸೀಸ ಅಲ್ಯೂಮಿನಿಯಂಗಿಂತಲೂ ಜಾಸ್ತಿ ಹಿಗ್ತೈತೆ. ಮೂರೂ ಒಂದೇ ಚೌಕಟ್ಟಲ್ಲಿ ಬಿಗಿಯಾಗಿ ಸಿಕ್ಕಾಕ್ಕೊಂಡ್ರೆ ಸೋಲೋದು ಮೆತ್ತಗಿರೋ ಸೀಸ. ಆದ್ರೆ ಬಿಳಿ ಹಾಕಿದ್ರೂ ಈ ಹಿಗ್ಗೋದು ನಿಲ್ಲಲ್ಲ, ಸ್ವಲ್ಪ ಕಡಿಮೆ ಆಗ್ತೈತೆ ಅಷ್ಟೇ. ಇದಕ್ಕೆ ಮದ್ದು ಫಿಟ್ಟಿಂಗಲ್ಲಿ ಐತೆ, ಪ್ಯಾನೆಲ್ (ಸೀಸದಲ್ಲಿ ಜೋಡಿಸಿದ ಇಡೀ ಗಾಜಿನ ಹಲಗೆ) ಸುತ್ತ 3-4 ಮಿಲಿಮೀಟರ್ ಜಾಗ ಬಿಡೋದು, ಕೆಳಗೆ ರಬ್ಬರ್ ಪ್ಯಾಕಿಂಗ್ ಮೇಲೆ ಕೂರಿಸೋದು, ಸುತ್ತ ಗ್ಯಾಸ್ಕೆಟ್ (ಮೆತ್ತನೆ ರಬ್ಬರ್ ಪಟ್ಟಿ) ಹಾಕೋದು, ನೀರು ಹೋಗೋಕೆ ಕೆಳಗಿನ ಸೆಕ್ಷನ್ನಿಗೆ ಸಣ್ಣ ತೂತು ಕೊಡೋದು.

ಇದು ನಂಗೆ ಹೆಂಗೆ ಗೊತ್ತು ಅಂದ್ರೆ, ನಾನೇ ತಪ್ಪು ಮಾಡೀನಿ. ಹನ್ನೆರಡು ವರ್ಷದ ಹಿಂದೆ ಕೊಪ್ಪಳ ಕಡೆ ಒಂದು ಸಣ್ಣ ಪ್ರಾರ್ಥನಾ ಮಂದಿರಕ್ಕೆ ಎರಡು ಬಣ್ಣದ ಗಾಜಿನ ಪ್ಯಾನೆಲ್ ಕೂರಿಸೋ ಕೆಲಸ ಬಂತು. ಮನೆ ಕಿಟಕಿ ಕೂರಿಸಿದ ಹಂಗೆ ಟೈಟಾಗಿ ಕೂರಿಸಿ, ಸುತ್ತ ನಾವು ದಿನಾ ಬಳಸೋ ಸಿಲಿಕಾನ್ ತುಂಬಿ, ಬಿಳಿ ಫ್ರೇಮ್ ಒರೆಸಿ ದುಡ್ಡು ಇಸ್ಕೊಂಡು ಬಂದೆ. ಆ ಸಿಲಿಕಾನ್ ಹಚ್ಚೋವಾಗ ವಿನೆಗರ್ ವಾಸನೆ ಬರ್ತೈತಲ್ಲ, ಆ ಹುಳಿ ಸೀಸನ ತಿಂತೈತೆ ಅಂತ ನಂಗವತ್ತು ಯಾರೂ ಹೇಳಿರ್ಲಿಲ್ಲ, ನಾನೂ ಕೇಳಿರ್ಲಿಲ್ಲ. ಎರಡು ಬೇಸಿಗೆ ಕಳೆದ್ಮೇಲೆ ಅಲ್ಲಿನ ಪಾಸ್ಟರ್ ಫೋನ್ ಮಾಡಿ ಬಾಪ್ಪಾ ಒಂದ್ಸಲ ನೋಡು ಅಂದ್ರು. ಹೋಗಿ ನೋಡಿದ್ರೆ ಪ್ಯಾನೆಲ್ ನಡುವೆ ಹೊಟ್ಟೆ ಬಂದಿತ್ತು, ಅಂಚಿನ ಸೀಸದ ಮೇಲೆಲ್ಲಾ ಬಿಳಿ ಪುಡಿ, ಕುರಿಮರಿ ಹೊತ್ತಿರೋ ಕುರುಬನ ಚಿತ್ರದಲ್ಲಿ ಸರಿಯಾಗಿ ಕೈ ಇರೋ ಜಾಗದ ಗಾಜು ಸೀಳಿತ್ತು. ಆ ಪಾಸ್ಟರ್ ನನ್ನ ಬೈಲಿಲ್ಲ. ಟೀ ಕುಡಿಸಿ ಕಳಿಸಿದ್ರು. ನನ್ನ ಖರ್ಚಲ್ಲೇ ಅದನ್ನ ಬಿಚ್ಚಿ ರಿಪೇರಿ ಮಾಡಿಸಿ ಕೊಟ್ಟೆ, ಆದ್ರೂ ಆ ಸೀಳಿದ ಕೈ ಇವತ್ತಿಗೂ ನನ್ನ ಕಣ್ಮುಂದೆ ಬರ್ತೈತೆ, ಅದಕ್ಕೇ ಮೊನ್ನೆ ಮೀಟಿಂಗಲ್ಲಿ ಅಷ್ಟು ಚಡಪಡಿಸಿದ್ದು. ಸಿಲಿಕಾನ್ ಬೇಕೇ ಬೇಕಿದ್ರೆ ನ್ಯೂಟ್ರಲ್ ಕ್ಯೂರ್ (ಆ ಹುಳಿ ಬಿಡದ್ದು) ಅಂತ ಬರೆದಿರೋದನ್ನೇ ತರ್ಸ್ರಿ. ಬಲಿಪೀಠದ ತೇಗದ ಫ್ರೇಮಿಗೆ ಅದೂ ಬೇಡ, ಅಗಸೆ ಎಣ್ಣೆ ಚಾಕ್ ಪುಡಿ ಕಲಸಿದ ಹಳೇ ಪುಟ್ಟಿನೇ ಸಾಕು, ಮುಂದೆ ಯಾರಾದ್ರೂ ರಿಪೇರಿ ಮಾಡ್ಬೇಕಂದ್ರೆ ಗಾಜು ಒಡೀದಂಗೆ ಬಿಚ್ಚಬಹುದು.

ಹಾಂ, ಆ ಅಡ್ಡ ಸರಳುಗಳ ವಿಷಯ. ಬಲಿಪೀಠದ ಕಿಟಕಿಗೆ ಅಡ್ಡಡ್ಡ ಕಬ್ಬಿಣದ ಸರಳು ಇದಾವಲ್ಲ, ಪ್ಯಾನೆಲ್‌ಗೆ ತಾಮ್ರದ ತಂತಿಲಿ ಕಟ್ಟಿರೋದು, ಅದನ್ನ ತೆಗೆದ್ರೆ ಚಿತ್ರ ಕ್ಲಿಯರ್ ಕಾಣ್ತೈತೆ ಅಂತ ಕಂಟ್ರಾಕ್ಟರ್ ಹೇಳಿದ್ರು. ದಯವಿಟ್ಟು ತೆಗಿಸಬೇಡ್ರಿ, ಆ ಸರಳೇ ಪ್ಯಾನೆಲ್ಲಿನ ಬೆನ್ನೆಲುಬು, ಗಾಳಿ ಒತ್ತಡನೆಲ್ಲಾ ಅದೇ ತಡೆಯೋದು. ತುಕ್ಕು ಉಜ್ಜಿ ಪ್ರೈಮರ್ ಹೊಡೆದು ಮ್ಯಾಟ್ ಬ್ಲಾಕ್ ಹಚ್ಚಿದ್ರೆ ಬೆಳಕಲ್ಲಿ ಅದು ಇರೋದೇ ಗೊತ್ತಾಗಲ್ಲ. ಕಲ್ಲು ಬೀಳ್ತಾವೆ ಅಂತ ಹೊರಗಡೆ ಇನ್ನೊಂದು ಗಾಜು ಹಾಕ್ಸೋದಾದ್ರೆ ಹಾಕ್ಸ್ರಿ, ಆದ್ರೆ ಮೇಲೆ ಕೆಳಗೆ ಗಾಳಿಯಾಡೋಕೆ ಜಾಗ ಬಿಡಿಸ್ರಿ. ಪೂರ್ತಿ ಸೀಲ್ ಮಾಡಿದ್ರೆ ಎರಡು ಗಾಜಿನ ನಡುವೆ ಬಿಸಿಗಾಳಿ ಸಿಕ್ಕಾಕ್ಕೊಂಡು ಸೀಸ ಬಾಗ್ತೈತೆ, ಮಳೆಗಾಲದಲ್ಲಿ ಬೆವರ್ತೈತೆ. ಬಿಚ್ಚೋವಾಗಲೂ ಒಂದೊಂದು ಪ್ಯಾನೆಲ್ಲಿಗೆ ನಂಬರ್ ಹಾಕಿ ಫೋಟೋ ತೆಗೆದು, ಬಾಗಿಲು ಹೊತ್ತಂಗೆ ನೆಟ್ಟಗೆ ನಿಲ್ಲಿಸ್ಕೊಂಡೇ ಹೊರ್ಬೇಕು, ಮಂಚದ ಹಂಗೆ ಅಡ್ಡಡ್ಡ ಹಿಡಿದ್ರೆ ಅದರ ಭಾರಕ್ಕೇ ಅದು ಮುರೀತೈತೆ. ಬೆಂಗಳೂರಿನ ಸೇಂಟ್ ಮೇರಿ ಬೆಸಿಲಿಕಾದಲ್ಲಿ ಎರಡನೇ ಮಹಾಯುದ್ಧದ ಟೈಮಲ್ಲಿ ಬಣ್ಣದ ಗಾಜುಗಳನ್ನೆಲ್ಲಾ ಬಿಚ್ಚಿ ಜೋಪಾನವಾಗಿಟ್ಟು 1947ರಲ್ಲಿ ವಾಪಸ್ ಕೂರಿಸಿದ್ರು, ಅಂದ್ರೆ ಮನಸ್ಸು ಮಾಡಿದ್ರೆ ಆಗೋ ಕೆಲಸನೇ ಇದು.

ನಮ್ಮ ಸಭೆಯಿಂದ ಬಸ್ ಮಾಡ್ಕೊಂಡು ತೆಲಂಗಾಣದ ಮೇದಕ್‌ಗೆ ಹೋಗಿದ್ವಲ್ಲ, ನೆನಪು ಮಾಡ್ಕೊಳ್ರಿ. 1924ರಲ್ಲಿ ಪ್ರತಿಷ್ಠೆ ಆದ ದೇವಾಲಯ, ಮೂರು ದೊಡ್ಡ ಕಿಟಕಿ, ಮೂರೂ ಫ್ರಾಂಕ್ ಸಾಲಿಸ್ಬರಿ ಅನ್ನೋ ಕಲಾವಿದರ ಕೆಲಸ. ಬಲಿಪೀಠದ ಹಿಂದಿನ ಸ್ವರ್ಗಾರೋಹಣ 1927ರದ್ದು, ಕ್ರಿಸ್ತ ಜನನ 1947ರದ್ದು, ಶಿಲುಬೆಯದ್ದು 1958ರದ್ದು. ನಡುವೆ ಮೂವತ್ತೊಂದು ವರ್ಷ ಆದ್ರೂ ಒಂದಕ್ಕೊಂದು ಹೊಂದೋ ಹಂಗೆ ಕೂರಿಸ್ಯಾರೆ, ಯಾರೂ ಅವಸರ ಮಾಡಿಲ್ಲ. ಅವತ್ತು ನಮ್ಮ ಅಮ್ಮ ಸ್ವರ್ಗಾರೋಹಣದ ಕಿಟಕಿ ಮುಂದೆ ಚಪ್ಪಲಿ ಬಿಟ್ಟು ನಿಂತು ಅತ್ತಿದ್ದು ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ಅಲ್ಲಿ ಫ್ರೇಮ್ ಯಾವ ಬಣ್ಣ ಇತ್ತು ಅಂತ ವಾಪಸ್ ಬರೋವಾಗ ಬಸ್ಸಲ್ಲಿ ನಾನು ಕೇಳಿದ್ದೆ, ನಲವತ್ತು ಜನರಲ್ಲಿ ಒಬ್ಬರಿಗೂ ನೆನಪಿರ್ಲಿಲ್ಲ, ಇದೇ ಕೆಲಸ ಮಾಡೋ ನಂಗೂ ನೆನಪಿರ್ಲಿಲ್ಲ. ನಮ್ಮ ಎಂಟು ಕಿಟಕಿಗೂ ಹಂಗೇ ಆಗ್ಬೇಕು ಅಂತ ನನ್ನ ಆಸೆ.

ಅಯ್ಯನವರೇ, ಕಮಿಟಿ ಹಿರಿಯರೇ, ನನ್ನ ಮಾತೇ ನಡೀಬೇಕು ಅಂತ ಹಠ ಇಲ್ಲ. ಬುಧವಾರ ಕೊಡ್ಬೇಕಂತಿರೋ ಅಡ್ವಾನ್ಸ್ ಒಂದು ವಾರ ಮುಂದಕ್ಕೆ ಹಾಕ್ರಿ. ಬರೋ ಭಾನುವಾರ ದಕ್ಷಿಣದ ಗೋಡೆಯ ಎರಡನೇ ಕಿಟಕಿಗೆ ನಾಲ್ಕು ಸ್ಯಾಂಪಲ್ ಫ್ರೇಮ್ ಕಟ್ತೀನಿ, ಗ್ಲಾಸಿ ವೈಟ್, ಗೋಲ್ಡ್, ವುಡ್ ಫಿನಿಶ್, ಮ್ಯಾಟ್ ಬ್ರಾಂಜ್, ನಾಲ್ಕಕ್ಕೂ ಒಂದೇ ಕೆಂಪು ಒಂದೇ ನೀಲಿ ಗಾಜು ಹಾಕ್ತೀನಿ, ಹೆಸರು ಬರೆಯಲ್ಲ, ಬರೀ ಒಂದು ಎರಡು ಮೂರು ನಾಲ್ಕು ಅಂತ ನಂಬರ್. ಬೆಳಿಗ್ಗೆ ಆರಾಧನೆಗೆ ಬಂದವರೂ ನೋಡ್ಲಿ, ಸಂಜೆ ಲೈಟ್ ಹಾಕಿದ್ಮೇಲೆ ಬಂದವರೂ ನೋಡ್ಲಿ, ಕಾಣಿಕೆ ಡಬ್ಬದ ಪಕ್ಕ ಒಂದು ರಟ್ಟಿನ ಡಬ್ಬ ಇಟ್ಟಿರ್ತೀನಿ, ಚೀಟಿಲಿ ನಂಬರ್ ಬರೆದು ಹಾಕ್ಲಿ, ಮಕ್ಕಳೂ ಹಾಕ್ಲಿ. ಯಾವ ನಂಬರ್ ಬಂದ್ರೂ ನಾನು ಮರುಮಾತಾಡಲ್ಲ, ಬಿಳಿ ಬಂದ್ರೆ ಬಿಳಿಗೇ ಮೈಕ್ರಾನ್ ಅಳೆದು ಕೊಡ್ತೀನಿ.

ತೇಗದ ಮೂರು ಫ್ರೇಮ್ ಮಾತ್ರ ಚೀಟಿಗೆ ಹಾಕ್ಬೇಡ್ರಿ, ಅದನ್ನ ಉಳಿಸ್ತೀವಿ ಅಂತ ಈಗಲೇ ಹೇಳಿಬಿಡ್ರಿ.

ಭಾನುವಾರ ಬೆಳಗ್ಗೆ ಆರಕ್ಕೆ ಏಣಿ ತಗೊಂಡು ಬರ್ತೀನಿ, ಶನಿವಾರ ರಾತ್ರಿನೇ ಗೇಟ್ ಕೀ ವಾಚ್‌ಮನ್ ಹತ್ರ ಕೊಟ್ಟಿರ್ರಿ.

ನಿಮ್ಮ ಸಭೆಯವನೇ ಆದ,
ಒಬ್ಬ ಕಿಟಕಿ ಕೆಲಸದವನು, ಬಳ್ಳಾರಿ